ಹೈವೇಯಲ್ಲಿ ಬೈಕ್ ಅಲ್ಲಾಡುತ್ತಿದೆಯೇ? ಕಾರಣ ಹುಡುಕುವ ಕ್ರಮ

"80 ದಾಟಿದರೆ ಸಾಕು, ಹ್ಯಾಂಡಲ್ ಶೇಕ್ ಆಗುತ್ತದೆ. ಕೋನ್ ಸೆಟ್ ಹಾಕಿಸಿದೆ, ಆದರೂ ಹೋಗಿಲ್ಲ." ಬೈಕಿನಲ್ಲಿ ದೂರ ಹೋಗುವವರ ಬಾಯಲ್ಲಿ ಈ ಮಾತು ಪದೇ ಪದೇ ಕೇಳಿಸುತ್ತದೆ. (ಕೋನ್ ಸೆಟ್ ಅಂದರೆ ಹ್ಯಾಂಡಲ್ ಸಲೀಸಾಗಿ ತಿರುಗಲು ಅದರ ಕೊಳವೆಯಲ್ಲಿ ಕೂರಿಸಿರುವ ಬೇರಿಂಗ್.) ನಾನು ಅವರಿಗೆ ಮೊದಲು ಕೇಳುವುದು ಇಷ್ಟೇ: ಅಲ್ಲಾಡುವುದು ಮುಂದೋ, ಹಿಂದೋ? ಹೆಚ್ಚಿನವರು ಅದನ್ನು ಗಮನಿಸಿಯೇ ಇರುವುದಿಲ್ಲ. ಯಾವ ಬಗೆಯ ಅಲುಗಾಟ ಅಂತ ತಿಳಿಯದೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋದರೆ ದುಡ್ಡು ಖಾಲಿಯಾಗುತ್ತದೆ, ಅಲುಗಾಟ ಹಾಗೇ ಉಳಿಯುತ್ತದೆ. ಅದೇ ಗಾಡಿಯಲ್ಲಿ ಹಿಂದೆ ಹೆಂಡತಿಯನ್ನೋ ತಮ್ಮನನ್ನೋ ಕೂರಿಸಿಕೊಂಡು ಹೈವೇಗೆ ಇಳಿಯುತ್ತೇವೆ ಅನ್ನುವುದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಇಲ್ಲಿ ಬರೆದಿರುವುದು ಮುಖ್ಯವಾಗಿ 150ರಿಂದ 400 ಸಿಸಿ ಗಾಡಿಗಳಿಗೆ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ ದಾಟಿ ಹುಬ್ಬಳ್ಳಿ ಕಡೆಗೋ, ಅಲ್ಲಿಂದ ಮುಂದೆ ಗೋವಾಕ್ಕೋ ಲಗೇಜ್ ಕಟ್ಟಿಕೊಂಡು ಹೊರಡುವ ಗಾಡಿಗಳು. ರೇಸಿಂಗ್ ಬೈಕುಗಳ ಕಥೆ ಸ್ವಲ್ಪ ಬೇರೆ.

ಓಡುತ್ತಿರುವಾಗಲೇ ಶುರುವಾದರೆ

ಕಾರಣ ಆಮೇಲೆ ಹುಡುಕೋಣ. ಮೊದಲು ಬೀಳದೆ ನಿಲ್ಲಿಸಬೇಕು.

ಹ್ಯಾಂಡಲ್ ನಡುಗಲು ಶುರುವಾದ ಕೂಡಲೇ ಕೈ ತಾನಾಗಿಯೇ ಬಿಗಿಯಾಗುತ್ತದೆ. ಭಯಕ್ಕೆ ಹಾಗಾಗುವುದು ಸಹಜ, ಆದರೆ ಅದರಿಂದ ನಡುಕ ಹೆಚ್ಚುತ್ತದೆ. ಹ್ಯಾಂಡಲ್ ಎಡಕ್ಕೆ ಹೋದಾಗ ನಾವು ಬಲಕ್ಕೆ ತಳ್ಳುತ್ತೇವೆ. ನಮ್ಮ ಕೈಗಿಂತ ಅದರ ವೇಗ ಜಾಸ್ತಿ. ನಾವು ತಳ್ಳುವ ಹೊತ್ತಿಗೆ ಅದು ಆಗಲೇ ಬಲಕ್ಕೆ ತಿರುಗಿರುತ್ತದೆ, ನಮ್ಮ ತಳ್ಳುವಿಕೆಯೂ ಅದಕ್ಕೇ ಸೇರಿಕೊಳ್ಳುತ್ತದೆ. ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ನೂಕಿದರೆ ಹೇಗೆ ಮೇಲೇರುತ್ತಾ ಹೋಗುತ್ತದೋ ಹಾಗೆ.

ಆದ್ದರಿಂದ ಹ್ಯಾಂಡಲ್ ಬಿಡಬೇಡಿ, ಅದರ ಜೊತೆ ಗುದ್ದಾಡಲೂಬೇಡಿ. ಮೊಣಕೈ ಮಡಚಿರಲಿ, ಭುಜ ಸಡಿಲವಾಗಿರಲಿ. ಮಂಡಿಗಳಿಂದ ಟ್ಯಾಂಕನ್ನು ಗಟ್ಟಿಯಾಗಿ ಅದುಮಿ ಹಿಡಿಯಿರಿ. ಮೈಯನ್ನು ಸ್ವಲ್ಪ ಮುಂದಕ್ಕೆ, ಕೆಳಕ್ಕೆ ತನ್ನಿ. ಆಕ್ಸಿಲರೇಟರನ್ನು ಒಮ್ಮೆಲೇ ಬಿಡದೆ ನಿಧಾನವಾಗಿ ಇಳಿಸಿ. ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಅದನ್ನು ಹಿಡಿದರೆ ಮುಂದಿನ ಚಕ್ರದ ಮೇಲೆ ಒಮ್ಮೆಲೇ ಭಾರ ಬಿದ್ದು ನಡುಕ ಜೋರಾಗುತ್ತದೆ. ವೇಗ ಇಳಿದು ನಡುಕ ನಿಂತ ಮೇಲೆ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ, ಎಡಕ್ಕೆ ಬಂದು ನಿಲ್ಲಿಸಿ.

ಆಕ್ಸಿಲರೇಟರ್ ಜಾಸ್ತಿ ಕೊಟ್ಟರೆ ಮುಂದಿನ ಚಕ್ರ ಹಗುರಾಗಿ ನಡುಕ ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ಕೆಲವು ಗಾಡಿಗಳಲ್ಲಿ, ಕೆಲವು ಸಂದರ್ಭಗಳಲ್ಲಿ ಅದು ಕೆಲಸ ಮಾಡಬಹುದು. ಆದರೆ ನಡುಕ ನಿಲ್ಲದಿದ್ದರೆ ನೀವು ಇನ್ನೂ ಹೆಚ್ಚಿನ ವೇಗದಲ್ಲಿ ಬೀಳುತ್ತೀರಿ. ಲಗೇಜ್ ಹೇರಿಕೊಂಡ 350 ಸಿಸಿ ಗಾಡಿಯಲ್ಲಿ ಅದನ್ನು ನಂಬಬೇಡಿ.

ನಿಲ್ಲಿಸಿದ ಮೇಲೆ ಮೊದಲು ನೋಡಬೇಕಾದದ್ದು ಹಿಂದಿನ ಟೈರ್. ಬೆಳಿಗ್ಗೆ ಸರಿಯಾಗಿದ್ದ ಗಾಡಿ ಮಧ್ಯದಾರಿಯಲ್ಲಿ ಇದ್ದಕ್ಕಿದ್ದಂತೆ ಹಾವಿನ ಹಾಗೆ ಆಡತೊಡಗಿದರೆ, ಬಹುತೇಕ ಹಿಂದಿನ ಟೈರಿನಲ್ಲಿ ಗಾಳಿ ಇಳಿಯುತ್ತಿರುತ್ತದೆ. ಟ್ಯೂಬ್ ಇರುವ ಟೈರಿನಲ್ಲಿ ಗಾಳಿ ಬೇಗ ಹೋಗುತ್ತದೆ, ನಿಧಾನಿಸಲು ಸಿಗುವ ಸಮಯವೂ ಕಡಿಮೆ. ಆಮೇಲೆ ಕಟ್ಟಿದ ಲಗೇಜ್ ಒಂದು ಕಡೆಗೆ ಜಾರಿದೆಯಾ ನೋಡಿ. ಆಕ್ಸಲ್ ನಟ್‌ಗಳನ್ನೂ ಕೈಯಿಂದ ಮುಟ್ಟಿ ನೋಡಿ.

ಇದು ಯಾವ ಅಲುಗಾಟ?

ಇಂಗ್ಲೆಂಡಿನ ರಾಬಿನ್ ಶಾರ್ಪ್ ಎಂಬ ಎಂಜಿನಿಯರ್ 1971ರಲ್ಲಿ ಮೋಟಾರ್‌ಸೈಕಲ್ಲಿನ ಸ್ಥಿರತೆಯ ಬಗ್ಗೆ ಒಂದು ಪ್ರಬಂಧ ಬರೆದರು. ವೇಗದಲ್ಲಿ ಗಾಡಿ ತನ್ನಷ್ಟಕ್ಕೆ ತೂಗಾಡುವುದು ಮುಖ್ಯವಾಗಿ ಎರಡು ಬಗೆ ಅಂತ ಅದರಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದು ವಾಬಲ್, ಇನ್ನೊಂದು ವೀವ್. ಅಲುಗಾಟದ ಕಾರಣ ಹುಡುಕಲು ಇವತ್ತಿಗೂ ಅದೇ ವಿಂಗಡಣೆ ಸಾಕು.

ವಾಬಲ್ ಎಂದರೆ ಮುಂದಿನ ಚಕ್ರ ಮತ್ತು ಹ್ಯಾಂಡಲ್ ಎಡಬಲ ಬೇಗ ಬೇಗ ನಡುಗುವುದು. ಸೆಕೆಂಡಿಗೆ ಸುಮಾರು 6ರಿಂದ 10 ಸಲ. ಕೈಗೆ ನೇರವಾಗಿ ಗೊತ್ತಾಗುತ್ತದೆ, ಗಾಡಿಯ ಹಿಂಭಾಗ ಹೆಚ್ಚೇನೂ ಆಡುವುದಿಲ್ಲ. ವೀವ್ ಎಂದರೆ ಇಡೀ ಗಾಡಿ ಸೊಂಟ ತಿರುಗಿಸಿದ ಹಾಗೆ ಆಡುವುದು. ಇದು ನಿಧಾನ, ಸೆಕೆಂಡಿಗೆ 2ರಿಂದ 4 ಸಲ. ಕೈಗಿಂತ ಮೊದಲು ಸೀಟಿನಲ್ಲಿ ಗೊತ್ತಾಗುತ್ತದೆ. ಹಿಂದೆ ಕೂತವರು "ಏನಿದು ಹೀಗಾಡ್ತಿದೆ?" ಅಂತ ನಿಮಗಿಂತ ಮೊದಲೇ ಕೇಳಬಹುದು.

ಇವೆರಡೂ ಅಲ್ಲದ ಇನ್ನೊಂದಿದೆ. ಎಂಜಿನ್ನಿನ ಜುಮುಜುಮು. ಹ್ಯಾಂಡಲ್ ಎಡಬಲ ತಿರುಗುವುದಿಲ್ಲ, ಕೈ ಜೋಮು ಹಿಡಿಯುತ್ತದೆ, ಕನ್ನಡಿಯಲ್ಲಿ ಚಿತ್ರ ಮಸುಕಾಗುತ್ತದೆ. ಖಾಲಿ ರಸ್ತೆಯಲ್ಲಿ ಅದೇ ವೇಗದಲ್ಲಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಇಳಿಸಿ ನೋಡಿ. ಜುಮುಜುಮು ನಿಂತರೆ ಅದು ಎಂಜಿನ್ನಿನದು. ಎಂಜಿನ್ ಮೌಂಟಿಂಗ್ ಬೋಲ್ಟ್ ನೋಡಿಸಿ, ಕೋನ್ ಸೆಟ್ಟಿಗೆ ದುಡ್ಡು ಹಾಕಬೇಡಿ.

ಎಷ್ಟು ವೇಗದಲ್ಲಿ ಶುರುವಾಗುತ್ತದೆ ಅನ್ನುವುದು ದೊಡ್ಡ ಸುಳಿವು. ಇದರ ಲೆಕ್ಕ ಸುಲಭ. ನಮ್ಮ ಗಾಡಿಗಳ ಚಕ್ರದ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 16.7 ಮೀಟರ್. ಚಕ್ರ ಸೆಕೆಂಡಿಗೆ 8 ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಮುಂದಿನ ಭಾಗ ತಾನಾಗಿಯೇ ನಡುಗಲು ಬಯಸುವ ವೇಗವೂ ಅದೇ, 6ರಿಂದ 10. ಚಕ್ರದಲ್ಲಿ ಸಣ್ಣ ಡೊಂಕಿದ್ದರೂ, ಬ್ಯಾಲೆನ್ಸ್ ತಪ್ಪಿದ್ದರೂ 50ರಿಂದ 70ರ ನಡುವೆ ಅದು ಸುತ್ತಿಗೊಮ್ಮೆ ಸರಿಯಾದ ಗಳಿಗೆಯಲ್ಲಿ ಹ್ಯಾಂಡಲನ್ನು ತಳ್ಳುತ್ತದೆ. ಹಾಗಾಗಿ 80ರಿಂದ ಇಳಿಯುವಾಗ 60ರ ಹತ್ತಿರ ನಡುಗಿ, 45ಕ್ಕೆ ಬರುವಷ್ಟರಲ್ಲಿ ನಿಂತುಹೋದರೆ ಮೊದಲ ಅನುಮಾನ ಮುಂದಿನ ಟೈರ್ ಮತ್ತು ರಿಮ್ ಮೇಲೆ ಇರಲಿ. 85–90ರ ಮೇಲೆ ಮಾತ್ರ ಶುರುವಾಗಿ, ವೇಗ ಏರಿದಂತೆ ಏರುತ್ತಾ ಹೋದರೆ ಹಿಂಭಾಗವನ್ನು, ಲಗೇಜನ್ನು, ಗಾಳಿಯ ಹೊಡೆತವನ್ನು ಅನುಮಾನಿಸಿ.

ನಡುಕ ಬರುತ್ತದಾ ನೋಡೋಣ ಅಂತ ಹೈವೇಯಲ್ಲಿ ಎರಡೂ ಕೈ ಬಿಟ್ಟು ಪರೀಕ್ಷೆ ಮಾಡಬೇಡಿ. ಆ ಪರೀಕ್ಷೆಯಿಂದ ಸಿಗುವ ಮಾಹಿತಿಯೆಲ್ಲ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿಕೊಂಡೇ ಸಿಗುತ್ತದೆ.

ಖರ್ಚಿಲ್ಲದ್ದರಿಂದ ಶುರು ಮಾಡಿ: ಲಗೇಜ್ ಮತ್ತು ಗಾಳಿ

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಒಟ್ಟಿಗೆ ನಾಲ್ಕು ಕೆಲಸ ಮಾಡಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ತೊಂದರೆ ಮತ್ತೆ ಬಂದಾಗ ಮೊದಲಿನಿಂದ ಹುಡುಕಬೇಕಾಗುತ್ತದೆ.

ಮೊದಲು ಟಾಪ್ ಬಾಕ್ಸ್, ಸ್ಯಾಡಲ್ ಬ್ಯಾಗ್, ಎತ್ತರದ ವಿಂಡ್‌ಶೀಲ್ಡ್, ಹ್ಯಾಂಡಲ್ಲಿಗೆ ಕಟ್ಟಿದ ಚೀಲ, ಎಲ್ಲವನ್ನೂ ತೆಗೆದು ಒಬ್ಬರೇ ಓಡಿಸಿ ನೋಡಿ. ಅಲುಗಾಟ ಹೋಯಿತಾ? ಹಾಗಾದರೆ ಒಂದೊಂದೇ ವಾಪಸ್ ಹಾಕುತ್ತಾ ಬನ್ನಿ.

ಟಾಪ್ ಬಾಕ್ಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಕೂರುವುದು ಹಿಂದಿನ ಆಕ್ಸಲ್‌ಗಿಂತ ಹಿಂದೆ, ಅದೂ ಎತ್ತರದಲ್ಲಿ. ಎರಡು ಆಕ್ಸಲ್‌ಗಳ ನಡುವೆ 1.4 ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ನಿಂದ 40 ಸೆಂ.ಮೀ. ಹಿಂದಕ್ಕೆ 10 ಕೆ.ಜಿ. ಇಟ್ಟರೆ ಮುಂದಿನ ಚಕ್ರದ ಭಾರ ಸುಮಾರು 3 ಕೆ.ಜಿ. ಕಡಿಮೆಯಾಗುತ್ತದೆ. ಹಿಂದಿನ ಚಕ್ರಕ್ಕೆ 13 ಕೆ.ಜಿ. ಬೀಳುತ್ತದೆ. ವೇಗ ಏರಿದಾಗ ಎದುರುಗಾಳಿಯೂ ಮುಂಭಾಗವನ್ನು ಹಗುರ ಮಾಡುತ್ತದೆ. ಆ ಗಾಳಿಯ ಒತ್ತಡ ವೇಗದ ವರ್ಗದಷ್ಟು ಏರುತ್ತದೆ, ಅಂದರೆ 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಹಿಂದೆ ಒಬ್ಬರು ಕೂತರೆ ಅವರ ಭಾರವೂ ಹೆಚ್ಚಾಗಿ ಹಿಂದಿನ ಚಕ್ರಕ್ಕೇ. 70ರಲ್ಲಿ ಚೆನ್ನಾಗಿದ್ದ ಗಾಡಿ 95ರಲ್ಲಿ ಯಾಕೆ ಆಡುತ್ತದೆ ಅನ್ನುವುದಕ್ಕೆ ಈ ಲೆಕ್ಕದಲ್ಲೇ ಉತ್ತರವಿದೆ. ಟೂಲ್ಸ್, ನೀರಿನ ಬಾಟಲಿ, ಚೈನ್ ಲ್ಯೂಬ್ ಇಂಥ ಭಾರದ್ದನ್ನು ಟ್ಯಾಂಕ್ ಬ್ಯಾಗಿನಲ್ಲೋ ಸ್ಯಾಡಲ್ ಬ್ಯಾಗಿನ ಮುಂಭಾಗದ ತಳದಲ್ಲೋ ಇಡಿ. ಟಾಪ್ ಬಾಕ್ಸಿಗೆ ಜರ್ಕಿನ್, ಬಟ್ಟೆ ಸಾಕು. ಬಾಕ್ಸಿನ ಒಳಗೆ ಅಂಟಿಸಿರುವ ಚೀಟಿಯಲ್ಲಿ ತೂಕದ ಮಿತಿ ಬರೆದಿರುತ್ತದೆ, ಒಮ್ಮೆ ಓದಿ. ಎರಡೂ ಬದಿಯ ಬ್ಯಾಗ್ ತೂಕ ಸಮವಾಗಿರಲಿ. ಇಲಾಸ್ಟಿಕ್ ಹಗ್ಗದಲ್ಲಿ ಸುಮ್ನೆ ಸಿಕ್ಕಿಸಿದ ಚೀಲ ತಾನೂ ತೂಗಾಡಿ ಗಾಡಿಯನ್ನೂ ತೂಗಾಡಿಸುತ್ತದೆ. ಬಕಲ್ ಇರುವ ಪಟ್ಟಿಯಿಂದ ಬಿಗಿಯಿರಿ.

ಇನ್ನು ಟೈರಿನ ಗಾಳಿ. ಎಷ್ಟಿರಬೇಕು ಅಂತ ಚೈನ್ ಗಾರ್ಡ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರಿನಲ್ಲಿ, ಇಲ್ಲದಿದ್ದರೆ ಮ್ಯಾನುಯಲ್‌ನಲ್ಲಿ ಇರುತ್ತದೆ. ಇಬ್ಬರು ಕೂತಾಗ ಹಿಂದಿನ ಟೈರಿಗೆ ಬೇರೆ ಅಂಕಿ ಇರುತ್ತದೆ, ಅದನ್ನು ಬಹಳ ಜನ ನೋಡುವುದೇ ಇಲ್ಲ. ಗಾಳಿ ನೋಡಬೇಕಾದದ್ದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಪೆಟ್ರೋಲ್ ಬಂಕಿನ ಮೀಟರುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ನಿಮ್ಮದೇ ಒಂದು ಗೇಜ್ ಇಟ್ಟುಕೊಳ್ಳಿ, ಬೈಕಿಗೆ ಕೊಳ್ಳುವ ಸಾಮಾನುಗಳಲ್ಲಿ ಅದರಷ್ಟು ಉಪಯೋಗಕ್ಕೆ ಬರುವುದು ಕಡಿಮೆ.

ಟೈರ್ ಮತ್ತು ರಿಮ್

ಟೈರನ್ನು ಕಣ್ಣಿನಿಂದ ಮಾತ್ರ ನೋಡಬೇಡಿ, ಅಂಗೈಯಿಂದ ಸವರಿ ನೋಡಿ. ಮುಂದಿನ ಟೈರಿನ ಗಟ್ಟೆಗಳು ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದ ಹಾಗೆ ಗರಗಸದಂತೆ ಸವೆದಿದ್ದರೆ, 60ರ ನಡುಕಕ್ಕೆ ಅದೇ ಕಾರಣವಿರಬಹುದು. ಹೈವೇಯಲ್ಲೇ ಜಾಸ್ತಿ ಓಡಿದ ಗಾಡಿಯ ಹಿಂದಿನ ಟೈರ್ ಮಧ್ಯದಲ್ಲಿ ಚಪ್ಪಟೆಯಾಗುತ್ತದೆ. ಅಂಥ ಟೈರ್ ಲೇನ್ ಬದಲಾಯಿಸುವಾಗ, ಲಾರಿ ಚಕ್ರಗಳಿಂದ ತಗ್ಗು ಬಿದ್ದ ಟಾರಿನ ಮೇಲೆ ಗಾಡಿಯನ್ನು ಎಳೆದಾಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗಟ್ಟೆ ಚೆನ್ನಾಗಿದ್ದರೂ ಹಳೆಯ ಟೈರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯಾ ಅಂತಲೂ ನೋಡಿ. ಅಂದಕ್ಕೆ ಅಂತ ಕಂಪನಿ ಅಳತೆಗಿಂತ ಅಗಲದ ಟೈರ್ ಹಾಕಿಸಿದ್ದರೆ ಮೊದಲು ಅದನ್ನು ತೆಗೆಸಿ. ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರ್ ಚಿವುಟಿ ಹಿಡಿದ ಹಾಗೆ ಕೂರುತ್ತದೆ, ಅದರ ಆಕಾರವೇ ಬದಲಾಗುತ್ತದೆ.

ಹೊಸ ಟೈರ್ ಹಾಕಿಸಿದ ಮೇಲೆ ಅಥವಾ ಪಂಕ್ಚರ್ ತೆಗೆಸಿದ ಮೇಲೆ ನಡುಕ ಶುರುವಾಗಿದ್ದರೆ ಬೇರೆಲ್ಲೂ ಹುಡುಕಬೇಡಿ. ರಿಮ್ಮಿನ ಅಂಚಿಗೆ ತಾಗಿದಂತೆ ಟೈರಿನ ಮೇಲೆ ಒಂದು ತೆಳು ಗೆರೆ ಸುತ್ತಲೂ ಇರುತ್ತದೆ. ಗೆರೆ ಮತ್ತು ರಿಮ್ಮಿನ ನಡುವಿನ ಅಂತರ ಸುತ್ತಲೂ ಒಂದೇ ಇರಬೇಕು. ಒಂದು ಕಡೆ ಗೆರೆ ಒಳಗೆ ಮುಚ್ಚಿಹೋಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಗೆಳೆಯನೊಬ್ಬನ ಗಾಡಿ ಹೀಗೇ ನಡುಗುತ್ತಿತ್ತು. ಒಂದು ಅಂಗಡಿಯಲ್ಲಿ ಕೋನ್ ಸೆಟ್ ಹೋಗಿದೆ ಅಂದಿದ್ದರು. ಗಾಳಿ ಪೂರ್ತಿ ಬಿಟ್ಟು, ಅಂಚಿಗೆ ಸೋಪು ನೀರು ಹಚ್ಚಿ, ಮತ್ತೆ ಗಾಳಿ ಹೊಡೆಸಿದಾಗ ಟೈರ್ ಟಪ್ ಅಂತ ಜಾಗಕ್ಕೆ ಕೂತಿತು. ನಡುಕ ಅಲ್ಲಿಗೆ ನಿಂತಿತು.

ರಿಮ್ ನೋಡಲು ಚಕ್ರ ಎತ್ತಿ ನಿಲ್ಲಿಸಿ, ಫೋರ್ಕಿಗೆ (ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕಾಲುಗಳಿಗೆ) ಒಂದು ಪೆನ್ಸಿಲ್ ಕಟ್ಟಿ ಅದರ ತುದಿ ರಿಮ್ಮಿನ ಹತ್ತಿರ ಬರುವಂತೆ ಮಾಡಿ, ಚಕ್ರ ತಿರುಗಿಸಿ. ಅಂತರ 2 ಮಿ.ಮೀ.ಗಿಂತ ಜಾಸ್ತಿ ಹೆಚ್ಚುಕಡಿಮೆಯಾದರೆ ರಿಮ್ ಔಟ್ ಆಗಿದೆ. ಸ್ಪೋಕ್ ಚಕ್ರವಾದರೆ ಸ್ಕ್ರೂಡ್ರೈವರಿನಿಂದ ಒಂದೊಂದೇ ಕಡ್ಡಿ ತಟ್ಟಿ. ಬಿಗಿ ಇರುವುದು ಟಿಂಗ್ ಅನ್ನುತ್ತದೆ, ಸಡಿಲವಿರುವುದು ಮಂಕಾಗಿ ಸದ್ದು ಮಾಡುತ್ತದೆ. ಸಡಿಲ ಕಡ್ಡಿಯನ್ನು ಸುಮ್ನೆ ತಿರುವಿದರೆ ರಿಮ್ ಇನ್ನೂ ಡೊಂಕಾಗುತ್ತದೆ, ಅದನ್ನು ರಿಮ್ ಬೆಂಡ್ ತೆಗೆಯುವವರ ಕೈಗೇ ಕೊಡಿ.

ಕೋನ್ ಸೆಟ್

ಎಲ್ಲರೂ ಮೊದಲು ಬೈಯುವುದು ಇದನ್ನೇ. ಹಲವು ಸಲ ಅದು ನಿಜವೂ ಹೌದು. ಆದರೆ ಪರೀಕ್ಷೆ ಮಾಡಿಯೇ ಹೇಳಬೇಕು.

ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ತಿ. ಫೋರ್ಕಿನ ಎರಡೂ ಕಾಲುಗಳನ್ನು ಕೆಳಗೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಇನ್ನೊಬ್ಬರು ಹ್ಯಾಂಡಲ್ ಕೆಳಗಿನ ಸಂದಿಯಲ್ಲಿ ಬೆರಳಿಟ್ಟಿರಲಿ. ಟಕ್ ಟಕ್ ಅಂತ ಬೆರಳಿಗೆ ಗೊತ್ತಾದರೆ ಕೋನ್ ಸಡಿಲ. ಮುಂದಿನ ಬ್ರೇಕ್ ಹಿಡಿದು ಗಾಡಿ ತಳ್ಳುವ ಪರೀಕ್ಷೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಫೋರ್ಕ್ ಬುಷ್ ಸವೆದಿದ್ದರೂ, ಬ್ರೇಕ್ ಪ್ಯಾಡ್ ಸಡಿಲವಿದ್ದರೂ ಅದೇ ಸದ್ದು ಬರುತ್ತದೆ.

ಆಮೇಲೆ ಹ್ಯಾಂಡಲನ್ನು ಮಧ್ಯದಿಂದ ಒಂದು ಬೆರಳಿನಲ್ಲಿ ಸ್ವಲ್ಪ ತಳ್ಳಿ. ತನ್ನ ಭಾರಕ್ಕೇ ಮೆಲ್ಲಗೆ ಕೊನೆಯವರೆಗೆ ಹೋಗಬೇಕು, ಎರಡೂ ಕಡೆಗೂ ಒಂದೇ ರೀತಿ. ಸರಿಯಾಗಿ ಮಧ್ಯಕ್ಕೆ ಬಂದಾಗ ಗುಳಿಗೆ ಬಿದ್ದ ಹಾಗೆ ಹಿಡಿದುಕೊಂಡರೆ ಬಾಲ್ ರೇಸಿನಲ್ಲಿ, ಅಂದರೆ ಕೋನ್ ಸೆಟ್ಟಿನ ಬಾಲ್‌ಗಳು ಉರುಳುವ ಬಳೆಯಲ್ಲಿ, ಗುರುತು ಬಿದ್ದಿದೆ. ಗಾಡಿ ಹೆಚ್ಚು ಹೊತ್ತು ನೇರವಾಗಿ ಓಡುತ್ತದೆ, ಗುಂಡಿಗಳ ಹೊಡೆತ ಬಾಲ್‌ಗಳಿಂದ ಅದೇ ಜಾಗಕ್ಕೆ ಬೀಳುತ್ತದೆ, ಅದಕ್ಕೆ ಮಧ್ಯದಲ್ಲೇ ಗುಳಿ. ಇದಕ್ಕೆ ಟೈಟ್ ಮಾಡುವುದು ಪರಿಹಾರವಲ್ಲ, ಸೆಟ್ ಬದಲಾಯಿಸಬೇಕು.

ತುಂಬಾ ಬಿಗಿ ಮಾಡುವುದೂ ತಪ್ಪು. ಅನೇಕ ಕಡೆ ನಡುಕ ಅಂದ ಕೂಡಲೇ ಕೋನ್ ಬಿಗಿದು ಕಳಿಸುತ್ತಾರೆ. ವಾಬಲ್ ಕಡಿಮೆಯಾದ ಹಾಗೆ ಕಾಣುತ್ತದೆ. ಆದರೆ ಹ್ಯಾಂಡಲ್ ತಾನಾಗಿ ಸರಿಮಾಡಿಕೊಳ್ಳುವ ಸ್ವಾತಂತ್ರ್ಯ ಕಳೆದುಕೊಳ್ಳುತ್ತದೆ, ಗಾಡಿ ನಿಧಾನವಾಗಿ ಎಡಬಲ ಅಲೆಯುತ್ತದೆ. ಟ್ರಾಫಿಕ್ಕಿನಲ್ಲಿ ನಡೆಯುವ ವೇಗದಲ್ಲಿ ಹೋಗುವಾಗ ಪದೇ ಪದೇ ಬ್ಯಾಲೆನ್ಸ್ ಸರಿಮಾಡಬೇಕಾಗಿ ಬಂದರೆ ಕೋನ್ ಬಿಗಿಯಾಗಿದೆ ಅಂತ ತಿಳಿಯಿರಿ.

ಹಿಂಭಾಗ, ಲೈನ್ ಮತ್ತು ಚಾಸಿ

ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಸ್ವಿಂಗ್ ಆರ್ಮ್ ಅಲ್ಲಾಡದೆ ಚಕ್ರ ಮಾತ್ರ ಆಡಿದರೆ ವೀಲ್ ಬೇರಿಂಗ್. ಚಕ್ರದ ಜೊತೆ ಸ್ವಿಂಗ್ ಆರ್ಮೂ ಆಡಿದರೆ ಅದರ ಬುಷ್ ಹೋಗಿದೆ. ವೀವ್‌ಗೆ ಇದು ದೊಡ್ಡ ಕಾರಣ. ಎರಡು ಶಾಕ್ ಇರುವ ಗಾಡಿಯಲ್ಲಿ ಎರಡೂ ಕಡೆಯ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಟ್ಟ ಬಿಗಿ) ಒಂದೇ ಮೆಟ್ಟಿಲಲ್ಲಿರಲಿ, ಇಬ್ಬರು ಕೂತಾಗ ಏರಿಸಿ. ಸೀಟ್ ಒತ್ತಿ ಬಿಟ್ಟಾಗ ಒಂದು ಸಲ ಮೇಲೆ ಬಂದು ನಿಲ್ಲದೆ ಕುಣಿಯುತ್ತಲೇ ಇದ್ದರೆ ಶಾಕಿನ ಎಣ್ಣೆ ಸೋರಿದೆ.

ಎರಡೂ ಚಕ್ರ ಒಂದೇ ಲೈನಿನಲ್ಲಿವೆಯಾ ಅಂತ ತಿಳಿಯಲು ಚೈನ್ ಅಡ್ಜಸ್ಟರಿನ ಗುರುತುಗಳನ್ನೇ ನಂಬಬೇಡಿ. ಒಂದು ಉದ್ದ ದಾರವನ್ನು ಹಿಂದಿನ ಟೈರಿನ ಹಿಂಬದಿಯಿಂದ ಸುತ್ತಿ, ಎರಡೂ ಪಕ್ಕದಿಂದ ಮುಂದಕ್ಕೆ ಎಳೆದು ತನ್ನಿ. ಹಿಂದಿನ ಟೈರಿನ ಮುಂಬದಿ ಅಂಚನ್ನು ದಾರ ಈಗಷ್ಟೇ ಮುಟ್ಟುವಂತೆ ಹಿಡಿದರೆ, ಮುಂದಿನ ಟೈರಿನ ಎರಡೂ ಪಕ್ಕ ಒಂದೇ ಅಂತರ ಕಾಣಬೇಕು.

ಬಿದ್ದ ಗಾಡಿಯಾದರೆ ಫೋರ್ಕ್ ಕ್ಲ್ಯಾಂಪಿನಲ್ಲಿ ತಿರುಚಿಕೊಂಡಿರಬಹುದು. ಹ್ಯಾಂಡಲ್ ಸ್ವಲ್ಪ ಓರೆ ಹಿಡಿದರೆ ಮಾತ್ರ ಗಾಡಿ ನೇರ ಹೋಗುತ್ತದೆ ಅನ್ನುವುದು ಅದರ ಲಕ್ಷಣ. ಚಾಸಿಯೇ ಬೆಂಡ್ ಆಗಿದ್ದರೆ, ಹ್ಯಾಂಡಲ್ ಕೊಳವೆಯ ಹತ್ತಿರ ಬಣ್ಣ ಬಿರಿದಿದ್ದರೆ, ಆ ಗಾಡಿಯನ್ನು ಹೈವೇಗೆ ಒಯ್ಯಬೇಡಿ.

ಸ್ಟೀರಿಂಗ್ ಡ್ಯಾಂಪರ್ (ಹ್ಯಾಂಡಲ್ಲಿನ ನಡುಕ ಹೀರಿಕೊಳ್ಳುವ ಸಣ್ಣ ಶಾಕ್‌ನಂಥ ಸಾಧನ) ಹಾಕಿಸಿದರೆ ಆಗದಾ ಅಂತ ಕೇಳುತ್ತಾರೆ. 1997ರ ಸುಜುಕಿ ಟಿಎಲ್1000ಎಸ್ ಗಾಡಿಗೆ ಬ್ರಿಟನ್ನಿನಲ್ಲಿ ಕಂಪನಿಯೇ ವಾಪಸ್ ಕರೆಸಿ ಡ್ಯಾಂಪರ್ ಹಾಕಿಕೊಟ್ಟಿತ್ತು. ಅದು ವಿನ್ಯಾಸಕ್ಕೆ ಸಂಬಂಧಿಸಿದ ವಿಷಯ. ನಮ್ಮ ಗಾಡಿಗಳು ಶೋರೂಮಿನಿಂದ ಬಂದಾಗ ನೆಟ್ಟಗೇ ಓಡುತ್ತಿದ್ದವು, ಅಲ್ವಾ? ಸವೆದ ಕೋನ್, ಡೊಂಕು ರಿಮ್ಮಿನ ಮೇಲೆ ಡ್ಯಾಂಪರ್ ಹಾಕಿದರೆ ನಡುಕ ಅಡಗುತ್ತದೆ, ಸವೆತ ಮುಂದುವರಿಯುತ್ತದೆ.

ದೋಷವಿಲ್ಲದೆಯೂ ಗಾಡಿ ಆಡುವ ಜಾಗಗಳು

ಚಿತ್ರದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದನ್ನು ನೋಡಿರುತ್ತೀರಿ. ಅಲ್ಲಿ ಅಡ್ಡಗಾಳಿ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ದೊಡ್ಡ ಲಾರಿ, ಬಸ್ಸನ್ನು ಹಿಂದೆ ಹಾಕುವಾಗ ಅದರ ಮರೆಯಿಂದ ಹೊರಬಂದ ಕೂಡಲೇ ಒಮ್ಮೆಲೇ ಬಡಿಯುತ್ತದೆ. ಫ್ಲೈಓವರ್ ಜಾಯಿಂಟ್‌ಗಳೂ ಹಾಗೆಯೇ. ಇಲ್ಲೆಲ್ಲ ಒಂದು ಸಲ ಆಡಿ ತಾನಾಗಿಯೇ ನಿಂತರೆ ಗಾಡಿ ಆರೋಗ್ಯವಾಗಿದೆ. ಒಂದು ಹೊಡೆತಕ್ಕೆ ಶುರುವಾಗಿ ನಿಲ್ಲದೆ ಮುಂದುವರಿದರೆ ಮೇಲಿನ ಪರೀಕ್ಷೆಗಳಿಗೆ ಹೋಗಿ. ಗಾಳಿಯಲ್ಲಿ 10 ಕಿ.ಮೀ. ವೇಗ ಇಳಿಸಿ, ಹ್ಯಾಂಡಲನ್ನು ಹಗುರವಾಗಿ ಹಿಡಿಯಿರಿ, ಪಟಪಟ ಹೊಡೆದುಕೊಳ್ಳುವ ಜರ್ಕಿನ್ ಜಿಪ್ ಹಾಕಿ. 2018ರ ಕೇಂದ್ರದ ಅಧಿಸೂಚನೆಯಲ್ಲಿ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕುಗಳಿಗೆ ನಿಗದಿಯಾದ ಗರಿಷ್ಠ ಮಿತಿ 80. ಲಗೇಜ್ ಮತ್ತು ಇಬ್ಬರನ್ನು ಹೊತ್ತ ನಮ್ಮ ಗಾಡಿಗಳಿಗೆ ಅದು ಸರಿಯಾದ ವೇಗ ಅಂತಲೇ ನನ್ನ ಅಭಿಪ್ರಾಯ.

ಸರಿಹೋಯಿತಾ ಅಂತ ನೋಡುವುದು

ಬೆಳಗಿನ ಹೊತ್ತು, ಗಾಳಿಯಿಲ್ಲದ, ನೇರವಾದ, ಪರಿಚಯದ ರಸ್ತೆ ಆರಿಸಿಕೊಳ್ಳಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಅಲ್ಲಿನ ಸರ್ವಿಸ್ ರಸ್ತೆ ಈ ಪರೀಕ್ಷೆಗೆ ತಕ್ಕ ಜಾಗವಲ್ಲ. ಮೊದಲು ಒಬ್ಬರೇ, ಲಗೇಜ್ ಇಲ್ಲದೆ 50, 60, 70, 80 ಹೀಗೆ ಏರಿಸಿ. ಪ್ರತಿ ವೇಗದಲ್ಲೂ ಸ್ವಲ್ಪ ದೂರ ಸ್ಥಿರವಾಗಿ ಹೋಗಿ, ಆಮೇಲೆ ಬ್ರೇಕ್ ಇಲ್ಲದೆ ಇಳಿಯಲು ಬಿಡಿ. ಏರುವಾಗ ಇಲ್ಲದ ನಡುಕ ಇಳಿಯುವಾಗ ಬರಬಹುದು. ಅದು ಚೆನ್ನಾಗಿದ್ದರೆ ಲಗೇಜ್ ಕಟ್ಟಿ ಮತ್ತೊಮ್ಮೆ. ಹಿಂದೆ ಕೂರುವವರನ್ನು ಕರೆದುಕೊಂಡು ಹೋಗುವುದು ಅದಾದ ಮೇಲೆ. ಹೊಸ ಕೋನ್ ಸೆಟ್ ಹಾಕಿಸಿದ್ದರೆ ಸುಮಾರು 500 ಕಿ.ಮೀ. ಓಡಿದ ನಂತರ ಫೋರ್ಕ್ ಹಿಡಿದು ಅಲ್ಲಾಡಿಸುವ ಪರೀಕ್ಷೆ ಮತ್ತೆ ಮಾಡಿ. ಹೊಸ ರೇಸ್‌ಗಳು ಅಷ್ಟರಲ್ಲಿ ಜಾಗಕ್ಕೆ ಕೂತು ಸ್ವಲ್ಪ ಸಡಿಲವಾಗಿರುತ್ತವೆ, ನಟ್ ಒಂಚೂರು ತಿರುವಿಸಬೇಕಾಗುತ್ತದೆ.